ಗರುಡನ ಊರಿನ ಹಳೆಯ ಗಾಡಿ

ದೇವರಿಗೆ ವಾಹನವುಂಟು, ಆದರೆ ವಾಹನವೇ ದೇವರಾಗಿ ನಿಂತು ಭಕ್ತರ ಹರಕೆಗಳನ್ನು ಒಪ್ಪಿಸಿಕೊಳ್ಳುವ ಊರು ಅಪರೂಪ. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಅಂಥದೊಂದು ಊರು. ದೇವಾಲಯವೇನೋ ಚೆನ್ನಕೇಶವನದು; ಆದರೆ ದೂರದ ಊರುಗಳಿಂದ ಜನ ಅರಸಿಕೊಂಡು ಬರುವುದು ಅವನನ್ನು ಹೊತ್ತು ತಿರುಗುವ ವೈನತೇಯನನ್ನು. ಬಿಂಡಿಗನವಿಲೆಯೆಂದರೆ ಗರುಡ, ಗರುಡನೆಂದರೆ ಬಿಂಡಿಗನವಿಲೆ ಎಂಬಷ್ಟು ಆ ಎರಡು ಹೆಸರುಗಳೂ ಹೆಣೆದುಕೊಂಡಿವೆ.

ನಾಗಮಂಗಲಕ್ಕೂ ಶ್ರವಣಬೆಳಗೊಳಕ್ಕೂ ನಡುವೆ ಇರುವ ಈ ಸೀಮೆ ನೋಡುವವರಿಗೆ ಬೆಡಗಿನದಲ್ಲ. ಕೃಷ್ಣರಾಜಸಾಗರದ ನಾಲೆಗಳು ಮಂಡ್ಯ, ಮದ್ದೂರುಗಳ ಬಯಲನ್ನು ಹಸುರಾಗಿಸಿದವು. ಎತ್ತರದ ಈ ನೆಲಕ್ಕೆ ಆ ನೀರು ಏರಿ ಬರಲಿಲ್ಲ. ಮಳೆಯನ್ನೂ ಕೆರೆಯನ್ನೂ ನಂಬಿದ ರಾಗಿ, ಹುರುಳಿ, ತೆಂಗು. ಕೆಂಪು ನೆಲದಲ್ಲಿ ಅಲ್ಲಲ್ಲಿ ತಲೆಯೆತ್ತಿದ ಕಲ್ಲುಬಂಡೆ. ಹತ್ತಿರದ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ, ಊರಿಗೆ ಹೆಸರು ಕೊಟ್ಟ ಎತ್ತರದ ಮಾನಸ್ತಂಭ. ಶಿಲ್ಪವನ್ನು ಬಲ್ಲವರು ಅದಕ್ಕಾಗಿಯೇ ಬರುತ್ತಾರೆ. ಉಳಿದವರು ಗರುಡನಿಗೆ ಕೈಮುಗಿದು ಹಿಂದಿರುಗುತ್ತಾರೆ.

ಇಂಥ ಸೀಮೆಯಲ್ಲಿ ಮೋಟಾರು ಸೈಕಲ್ಲು ವಿಲಾಸದ ವಸ್ತುವಲ್ಲ. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಆಸ್ಪತ್ರೆಗೆ ಹೋಗಬೇಕಾದ ಮುದುಕಿ, ಪರೀಕ್ಷೆಗೆ ಹೊತ್ತಾದ ಹುಡುಗಿ, ಎಲ್ಲರನ್ನೂ ಎಲ್ಲವನ್ನೂ ಹೊರುವುದು ಅದೇ. ಆದ್ದರಿಂದ ಇಲ್ಲಿ ಹಳೆಯ ಗಾಡಿಯನ್ನು ಸುಲಭವಾಗಿ ಯಾರೂ ಗುಜರಿಗೆ ಹಾಕುವುದಿಲ್ಲ. ಎಂಜಿನ್ ಓಡುವಷ್ಟು ದಿನ ಗಾಡಿ ಮನೆಯದೇ. ಆದರೆ ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ನೆಲವನ್ನು ಮುಟ್ಟುವುದು ಟೈರು. ಹಳೆಯ ಗಾಡಿಗೆ ಒಳ್ಳೆಯ ಟೈರನ್ನು ನ್ಯಾಯವಾದ ಬೆಲೆಗೆ ಒದಗಿಸಿಕೊಳ್ಳುವುದು ಎಷ್ಟರಮಟ್ಟಿನ ಯಾತ್ರೆಯೆಂಬುದನ್ನು ಇಂಥ ಊರಿನವರೇ ಬಲ್ಲರು.

ಮೇಷ್ಟರ ಯೆಜ್ದಿ

ಊರಿನ ನಿವೃತ್ತ ಮೇಷ್ಟರೊಬ್ಬರ ಮನೆಯ ಜಗಲಿಯ ಪಕ್ಕದಲ್ಲಿ ಒಂದು ಯೆಜ್ದಿ ಗಾಡಿಯುಂಟು. ದುಂಡನೆಯ ಪೆಟ್ರೋಲ್ ಟ್ಯಾಂಕು, ಎರಡು ಸೈಲೆನ್ಸರು, ಕಿಕ್ಕರನ್ನೇ ಮಡಿಸಿ ಗೇರು ಮಾಡಿಕೊಳ್ಳುವ ಚಮತ್ಕಾರ, ಇವೆಲ್ಲ ಉಳ್ಳ ಹಳೆಯ ಮಾದರಿ. ನೌಕರಿಯ ಮೊದಲ ವರ್ಷಗಳಲ್ಲಿ ಕೊಂಡದ್ದು. ಅದರ ಮೇಲೆ ಅವರ ಹೆಂಡತಿ ಮದುವಣಗಿತ್ತಿಯಾಗಿ ಬಂದರು, ಮಕ್ಕಳು ಶಾಲೆಗೆ ಹೋದರು. ಈಗ ನಾಗಮಂಗಲದ ಕಾಲೇಜಿನಲ್ಲಿ ಓದುವ ಮೊಮ್ಮಗಳು, ಬೆಳಗಿನ ಬಸ್ಸು ತಪ್ಪಿದ ದಿನ, ತಾತನ ಹಿಂದೆ ಅದರ ಮೇಲೆಯೇ ಕುಳಿತು ಹೋಗುತ್ತಾಳೆ.

ಮಳೆಗಾಲದ ಒಂದು ಬೆಳಿಗ್ಗೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಗಾಡಿ ಬೀಳಲಿಲ್ಲ, ಮೇಷ್ಟರು ಕಾಲು ಕೊಟ್ಟು ನಿಲ್ಲಿಸಿದರು. ಹುಡುಗಿ ಏನೂ ಆಗದವಳಂತೆ ನಕ್ಕಳು. ಆದರೆ ಮೇಷ್ಟರು ಅಂದು ಮನೆಗೆ ಬಂದವರು ಊಟ ಮಾಡದೆ ನೇರವಾಗಿ ಪಂಚರ್ ಅಂಗಡಿಗೆ ಗಾಡಿಯನ್ನು ತಳ್ಳಿಕೊಂಡು ಹೋದರು.

ಪಂಚರ್ ಅಂಗಡಿಯವನು ಅವರ ಕೈಯಲ್ಲೇ ಅಕ್ಷರ ಕಲಿತವನು. ಚಕ್ರ ಬಿಚ್ಚಿ ಟೈರನ್ನು ತಿರುಗಿಸಿ ತಿರುಗಿಸಿ ನೋಡಿದ. ಪಟ್ಟೆಗಳು ಸವೆದು ನಡುಭಾಗ ನುಣ್ಣಗಾಗಿತ್ತು. ಒಳಗಿನ ಟ್ಯೂಬಿಗೆ ಏಳು ತೇಪೆ.

"ಮೇಷ್ಟ್ರೇ, ಈ ಟೈರು ನೀವು ರಿಟೈರ್ ಆದಾಗ್ಲೇ ರಿಟೈರ್ ಆಗ್ಬೇಕಿತ್ತು" ಎಂದ.

"ಇನ್ನೂ ಸ್ವಲ್ಪ ದಿನ ಓಡುತ್ತೇನಯ್ಯಾ?"

"ಓಡ್ತದೆ. ನಿಲ್ಲೋದಿಲ್ಲ, ಅಷ್ಟೇ."

ಆ ಮಾತಿನಲ್ಲಿ ದೊಡ್ಡ ಸತ್ಯವಿತ್ತು. ಟೈರಿನ ಪಟ್ಟೆಗಳಿರುವುದು ಅಂದಕ್ಕಲ್ಲ. ಒದ್ದೆ ರಸ್ತೆಯಲ್ಲಿ ನೀರನ್ನು ಪಕ್ಕಕ್ಕೆ ಸರಿಸಿ ರಬ್ಬರಿಗೆ ನೆಲವನ್ನು ದೊರಕಿಸಿಕೊಡುವುದಕ್ಕೆ. ಆ ಪಟ್ಟೆಯ ಆಳ ದ್ವಿಚಕ್ರ ವಾಹನಗಳಲ್ಲಿ 0.8 ಮಿಲಿಮೀಟರಿಗಿಂತ ಕಡಮೆಯಾಗಬಾರದೆಂದು ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅಳೆಯಲು ಯಂತ್ರವೂ ಬೇಡ. ಪಟ್ಟೆಗಳ ನಡುವಿನ ಕಾಲುವೆಯ ತಳದಲ್ಲಿ ಸಣ್ಣ ಸಣ್ಣ ರಬ್ಬರಿನ ದಿಂಡುಗಳಿರುತ್ತವೆ. ಸವೆದ ಮೇಲ್ಮೈ ಆ ದಿಂಡುಗಳಿಗೆ ಸಮನಾದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಅರ್ಥ.

ಅಂಗಡಿಯ ಮೂಲೆಯಲ್ಲಿ, ಯಾರೋ ಬಿಚ್ಚಿಹಾಕಿಸಿ ಹೋದ ಟೈರೊಂದಿತ್ತು. ಅಳತೆ ಸರಿಯಾಗಿತ್ತು, ಪಟ್ಟೆಯೂ ಒಂದಿಷ್ಟು ಉಳಿದಿತ್ತು. ಮೇಷ್ಟರ ಕಣ್ಣು ಅದರ ಮೇಲೆ ಹೋಯಿತು. ಹುಡುಗ ಅದನ್ನೆತ್ತಿ ಒಳಭಾಗವನ್ನು ಅಗಲಿಸಿ ತೋರಿಸಿದ. ಒಳಗಿನ ನೂಲಿನ ಪದರ ಒಂದು ಕಡೆ ಉಬ್ಬಿ ಹರಿದಿತ್ತು. "ಹೊರಗಡೆ ನೋಡಿ ಟೈರು ತಗೋಬಾರ್ದು ಮೇಷ್ಟ್ರೇ" ಎಂದು ಅದನ್ನು ಹಿಂದಕ್ಕೆ ಎಸೆದ. ಮಾರಿದ್ದರೆ ಅವನಿಗೆ ನಾಲ್ಕು ಕಾಸು ಬರುತ್ತಿತ್ತು.

ಹದಿನಾರರ ಕತೆ

ಹೊಸ ಟೈರು ಕೊಳ್ಳುವುದಾದರೆ ಏಕಿಷ್ಟು ಕಷ್ಟ? ಊರೂರಿಗೂ ಟೈರಿನ ಅಂಗಡಿಗಳಿವೆಯಲ್ಲ ಎಂದು ಪಟ್ಟಣದ ಓದುಗರು ಕೇಳಬಹುದು. ಕಷ್ಟವಿರುವುದು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಎರಡು ಸಂಖ್ಯೆಗಳಲ್ಲಿ. ಮೇಷ್ಟರ ಗಾಡಿಯ ಟೈರಿನ ಮೇಲೆ 3.25-16 ಎಂದಿತ್ತು. ಮೊದಲನೆಯದು ಟೈರಿನ ಅಗಲ, ಮೂರೂಕಾಲು ಅಂಗುಲ. ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ, ಹದಿನಾರು ಅಂಗುಲ. ಅಗಲದಲ್ಲಿ ಕೊಂಚ ಹೆಚ್ಚುಕಡಮೆಯಾದರೆ ಹೇಗೋ ಹೊಂದಿಸಬಹುದು. ವ್ಯಾಸದಲ್ಲಿ ಕೂದಲೆಳೆಯ ರಿಯಾಯಿತಿಯೂ ಇಲ್ಲ.

ಈ ಹದಿನಾರು ಬಂದದ್ದು ಬಲು ದೂರದಿಂದ. ಚೆಕ್ ದೇಶದಲ್ಲಿ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸಲು ಕೈಹಾಕಿ, ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ಅದರ ಮೊದಲ ಅಕ್ಷರಗಳನ್ನೂ ಕೂಡಿಸಿ ಜಾವಾ ಎಂದು ಹೆಸರಿಟ್ಟನು. ಆ ಗಾಡಿಯನ್ನು ನಮ್ಮಲ್ಲಿ ಕಟ್ಟಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1961ರಿಂದ ಅಲ್ಲಿ ಗಾಡಿಗಳು ಹೊರಬಂದವು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ದಿ ಎಂಬ ಹೆಸರು ಬಂತು. ಎಂದೆಂದಿಗೂ ಬಾಳುವ ಗಾಡಿ ಎಂದೇ ಅದರ ಜಾಹೀರಾತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಜಾಹೀರಾತಿನ ಮಾತನ್ನು ಉಳಿಸಿಕೊಂಡು ಇನ್ನೂ ಓಡುತ್ತಿವೆ.

ಎಲ್ಲ ಹಳೆಯ ಗಾಡಿಗಳಿಗೂ ಇದೇ ಪಾಡೆಂದಲ್ಲ. ಯಮಹಾ ಆರ್‌ಎಕ್ಸ್ 100ಕ್ಕೆ ಹಿಂದೆ ಬೇಕಾದದ್ದು 2.75-18, ಇಂದಿಗೂ ಸಾಮಾನ್ಯ ಗಾಡಿಗಳಲ್ಲಿ ಬಳಕೆಯಲ್ಲಿರುವ ಅಳತೆಯಾದ್ದರಿಂದ ಹೋಬಳಿಯ ಅಂಗಡಿಯಲ್ಲೂ ದೊರೆಯುತ್ತದೆ. ಯೆಜ್ದಿಯದೇ ಆದ ರೋಡ್‌ಕಿಂಗ್ ಮಾದರಿಗೂ ಚಕ್ರ ಹದಿನೆಂಟು ಅಂಗುಲದ್ದೇ. ಅದರ ಒಡೆಯರಿಗೆ ಚಿಂತೆ ಕಡಮೆ. ಹಳೆಯ ಬುಲೆಟ್ಟಿನ 3.25-19 ಕೂಡ ಸಿಗುತ್ತದೆ, ಏಕೆಂದರೆ ಹತ್ತೊಂಬತ್ತರ ಚಕ್ರವನ್ನು ಆ ಕಂಪನಿ ಕೈಬಿಟ್ಟಿಲ್ಲ. ಅನಾಥವಾದದ್ದು ಹದಿನಾರರ ಅಗಲ ಟೈರು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಹಳಬರಿಗೆ ಆಸೆ ಚಿಗುರಿತು. ಆದರೆ ಹೊಸ ಜಾವಾದ ಚಕ್ರಗಳು ಮುಂದೆ ಹದಿನೆಂಟು, ಹಿಂದೆ ಹದಿನೇಳು. ಹೆಸರು ಬಂತು, ಟೈರು ಬರಲಿಲ್ಲ.

ಗೋಣಿಚೀಲದೊಡನೆ ಪ್ರಯಾಣ

ಮೇಷ್ಟರು ಹಳೆಯ ಟೈರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಮೊದಲು ನಾಗಮಂಗಲ. ಲೋಹದ ಕೆಲಸಕ್ಕೆ ಹೆಸರಾದ ಊರು, ಸೌಮ್ಯಕೇಶವನ ನೆಲೆ. ಪೇಟೆಯ ಟೈರಿನ ಅಂಗಡಿಯೊಂದರಲ್ಲಿ ಹದಿನೆಂಟರ ಟೈರುಗಳು ಚಾವಣಿ ಮುಟ್ಟುವಂತೆ ಜೋಡಿಸಿದ್ದವು. ಅಂಗಡಿಯವರು ಚೀಲ ಬಿಚ್ಚಿ ನೋಡಿ, ಒಳಗಿನಿಂದ ತೆಳ್ಳನೆಯ ಟೈರೊಂದನ್ನು ತಂದರು.

"ತಗೊಳಿ ಯಜಮಾನ್ರೇ, ಇದೂ ಹದಿನಾರೇ. ಅರ್ಧ ಬೆಲೆಗೆ ಆಗ್ತದೆ."

ಅದು 2.50-16, ಹೊರೆ ಹೊರುವ ಮೊಪೆಡ್ಡಿನ ಟೈರು. ರಿಮ್ಮಿನ ವ್ಯಾಸಕ್ಕೇನೋ ಸರಿ. ಆದರೆ ಅದು ಸಣ್ಣ ಎಂಜಿನ್ನಿಗೆ, ಕಡಮೆ ವೇಗಕ್ಕೆ, ಕಡಮೆ ಭಾರಕ್ಕೆ ಹುಟ್ಟಿದ್ದು. ಟೈರಿನ ಮೇಲೆ ಅಳತೆಯ ಮುಂದೆ ಇನ್ನೊಂದು ಸಂಖ್ಯೆಯೂ ಒಂದು ಅಕ್ಷರವೂ ಇರುತ್ತವೆ. ಸಂಖ್ಯೆ ಹೊರಬಲ್ಲ ಭಾರದ ಸಂಕೇತ, ಅಕ್ಷರ ತಾಳಬಲ್ಲ ವೇಗದ್ದು. 54 ಎಂದಿದ್ದರೆ ಆ ಒಂದು ಟೈರು 212 ಕಿಲೋಗ್ರಾಂ ಹೊರಬಲ್ಲದು. ಪಿ ಎಂದಿದ್ದರೆ ಗಂಟೆಗೆ 150 ಕಿಲೋಮೀಟರಿನವರೆಗೆ ತಾಳಬಲ್ಲದು. ಮೇಷ್ಟರು ಗಣಿತದವರು. ಎರಡು ಟೈರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಗಾಡಿಯ ತೂಕ, ತಮ್ಮ ತೂಕ, ಮೊಮ್ಮಗಳ ತೂಕ, ಅವಳ ಪುಸ್ತಕದ ಚೀಲ, ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿದರು. ಕೂಡಿ, ವಂದನೆ ಹೇಳಿ ಹೊರಟರು.

ನಾಗಮಂಗಲದಿಂದ ಮೈಸೂರಿನ ದಾರಿ ಹಿಡಿದರೆ ಜಕ್ಕನಹಳ್ಳಿಯ ಬಳಿ ಮೇಲುಕೋಟೆಗೆ ತಿರುವು. ಅಲ್ಲಿಯೂ ಗರುಡನ ನೆನಪೇ. ಚೆಲುವನಾರಾಯಣನ ವೈರಮುಡಿ ಕಿರೀಟವನ್ನು ತಂದುಕೊಟ್ಟವನು ಗರುಡನೆಂದು ಐತಿಹ್ಯ. ವರ್ಷಕ್ಕೊಮ್ಮೆ ಆ ಕಿರೀಟವನ್ನು ಧರಿಸಿ ಸ್ವಾಮಿ ಮೆರೆಯುವುದು ಗರುಡನ ಹೆಗಲ ಮೇಲೆಯೇ. ಮುಂದೆ ಪಾಂಡವಪುರ. ಇಲ್ಲಿಂದ ನೋಟ ಬದಲಾಗುತ್ತದೆ. ನಾಲೆಯ ನೀರು, ಕಬ್ಬಿನ ಗದ್ದೆ, ರಸ್ತೆಯ ಪಕ್ಕದಲ್ಲಿ ಎತ್ತಿನ ಗಾಡಿಗಳು. ಆಮೇಲೆ ಶ್ರೀರಂಗಪಟ್ಟಣದ ಕಾವೇರಿ. ಅದನ್ನು ದಾಟಿದರೆ ಮೈಸೂರು ದೂರವಿಲ್ಲ.

ಹೊಳೆಯುವ ಹಳೆಯದು

ಮೈಸೂರು ಒಂದು ಕಾಲಕ್ಕೆ ಗಾಡಿಗೂ ಟೈರಿಗೂ ತವರಾಗಿದ್ದ ಊರು. ಯಾದವಗಿರಿಯಲ್ಲಿ ಜಾವಾ, ಮೇಟಗಳ್ಳಿಯ ಫಾಲ್ಕನ್ ಕಾರ್ಖಾನೆಯಲ್ಲಿ ದ್ವಿಚಕ್ರ ವಾಹನಗಳ ಟೈರು. ಆ ಕಾರ್ಖಾನೆಯ ಯಂತ್ರಗಳೂ ಕಳೆದ ದಶಕದಲ್ಲಿ ನಿಂತುಹೋದವು. ಆದರೂ ಜಾವಾ, ಯೆಜ್ದಿಗಳ ಒಳಗುಟ್ಟು ಬಲ್ಲ ಮೆಕ್ಯಾನಿಕರು ಇಂದಿಗೂ ಅಲ್ಲಿದ್ದಾರೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಗಾಡಿಗಳ ಒಡೆಯರು ಸೇರಿ ಜಾವಾ ದಿನವನ್ನು ಆಚರಿಸುವುದೂ ಉಂಟು.

ಹಳೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಮೇಷ್ಟರಿಗೆ ಅದೃಷ್ಟ ಒಲಿದಂತೆ ಕಂಡಿತು. ಅಟ್ಟದ ಮೇಲಿಂದ ಇಳಿದು ಬಂದದ್ದು ಅಚ್ಚುಕಟ್ಟಾದ 3.25-16. ಪಟ್ಟೆಗಳು ಚೂಪಾಗಿದ್ದವು, ಅಚ್ಚಿನಿಂದ ಬಂದ ರಬ್ಬರಿನ ಮೀಸೆಗಳೂ ಹಾಗೆಯೇ ಇದ್ದವು.

"ಒಂದು ದಿನವೂ ರಸ್ತೆ ಕಂಡಿಲ್ಲ ಸ್ವಾಮಿ. ಕಂಪನಿ ಮಾಲು. ಇಂಥದು ಇನ್ನೆಲ್ಲೂ ಸಿಗೋಲ್ಲ" ಎಂದರು ಅಂಗಡಿಯವರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೆಲೆಯೂ ಹಿತವಾಗಿತ್ತು.

ಮೇಷ್ಟರು ಕನ್ನಡಕವನ್ನು ಒರೆಸಿಕೊಂಡು ಟೈರಿನ ಪಕ್ಕವನ್ನು ಸುತ್ತಲೂ ಓದಿದರು. ಹೊರಡುವಾಗ ಪಂಚರ್ ಅಂಗಡಿಯ ಶಿಷ್ಯ ಹೇಳಿಕೊಟ್ಟಿದ್ದ ಪಾಠ ಅದು. ಟೈರು ಹುಟ್ಟಿದ ವಾರ, ವರ್ಷಗಳನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. 2324 ಎಂದಿದ್ದರೆ 2024ರ ಇಪ್ಪತ್ತಮೂರನೆಯ ವಾರ. ಇಲ್ಲಿದ್ದದ್ದು ನಾಲ್ಕಲ್ಲ, ಮೂರೇ ಅಂಕಿ. ಮೂರು ಅಂಕಿಯ ಪದ್ಧತಿ 2000ನೆಯ ಇಸವಿಗೆ ಮುಂಚಿನದು. ಅಂದರೆ ಆ 'ಹೊಸ' ಟೈರು ಅವರ ಮೊಮ್ಮಗಳಿಗಿಂತ ದೊಡ್ಡದು! ಟೈರನ್ನು ಮೊಣಕಾಲಿಗೆ ಒತ್ತಿ ಬಾಗಿಸಿದರು. ಪಕ್ಕದ ರಬ್ಬರಿನಲ್ಲಿ ಬೇಸಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಟ್ಟವು.

ಬಳಸದ ವಸ್ತು ಹೊಸದಾಗಿಯೇ ಇರುತ್ತದೆಂಬುದು ನಮ್ಮೆಲ್ಲರ ನಂಬಿಕೆ. ಪಾತ್ರೆಯ ಮಟ್ಟಿಗೆ ಅದು ನಿಜ. ರಬ್ಬರಿನ ಮಟ್ಟಿಗೆ ನಿಜವಲ್ಲ. ಅಂಟಂಟಾಗಿದ್ದ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ವಿದ್ಯೆ 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್‌ಗೆ ಗೋಚರಿಸಿತು. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಚಿಕ್ಕ ಮಗನ ಮೂರುಚಕ್ರದ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕಬಾರದೆಂದು ಗಾಳಿ ತುಂಬಿದ ಟೈರನ್ನು ಮಾಡಿ 1888ರಲ್ಲಿ ಪೇಟೆಂಟು ಪಡೆದನು. ಟೈರಿನ ವಿದ್ಯೆ ಅಲ್ಲಿಂದ ಬಹಳ ಮುಂದುವರಿದಿದೆ. ಆದರೆ ಗಾಳಿಯೂ ಬಿಸಿಲೂ ರಬ್ಬರನ್ನು ತಿನ್ನುವುದನ್ನು ಪೂರ್ತಿಯಾಗಿ ತಪ್ಪಿಸಲು ಆಗಿಲ್ಲ. ಅದನ್ನು ತಡೆಯಲೆಂದು ರಬ್ಬರಿನೊಳಗೆ ಮೇಣದಂಥ ಪದಾರ್ಥವನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗುತ್ತಿದ್ದರೆ ಆ ಮೇಣ ಮೇಲಕ್ಕೆ ಬಂದು ತೆಳ್ಳನೆಯ ಕವಚವಾಗುತ್ತದೆ. ಅಟ್ಟದಲ್ಲಿ ಸುಮ್ಮನೆ ಕುಳಿತ ಟೈರಿಗೆ ಆ ರಕ್ಷೆ ಸರಿಯಾಗಿ ದೊರೆಯುವುದಿಲ್ಲ. ಓಡದ ಟೈರು ಒಣಗಿ ಗಡುಸಾಗುತ್ತದೆ. ಗಡುಸಾದದ್ದು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ಮೇಷ್ಟರು ಟೈರನ್ನು ಮೆಲ್ಲನೆ ಹಿಂದಿರುಗಿಸಿದರು. "ಗಾಡಿಯನ್ನು ಪ್ರದರ್ಶನದಲ್ಲಿ ನಿಲ್ಲಿಸುವವರಿಗೆ ಕೊಡಿ. ನನ್ನದು ದಿನಾ ಓಡುವ ಗಾಡಿ" ಎಂದರು.

ಅಗ್ಗ ಯಾವುದು, ಲಾಭ ಯಾವುದು

ಮೂರು ಕಡೆ ಮೂರು ಅಗ್ಗದ ಟೈರುಗಳು ಸಿಕ್ಕವು; ಮೂರೂ ದುಬಾರಿಯವೇ ಆಗಿದ್ದವು. ಟೈರಿನ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ನೋಡಬಾರದು, ಓಡುವ ದಾರಿಯಲ್ಲಿ ನೋಡಬೇಕು. 1,200 ರೂಪಾಯಿಯ ಟೈರು 6,000 ಕಿಲೋಮೀಟರು ಓಡಿತೆನ್ನಿ. ಕಿಲೋಮೀಟರಿಗೆ ಇಪ್ಪತ್ತು ಪೈಸೆ ಬಿತ್ತು. 1,800 ರೂಪಾಯಿಯದು 15,000 ಓಡಿದರೆ ಹನ್ನೆರಡೇ ಪೈಸೆ. ಹೆಚ್ಚು ಕೊಟ್ಟವನೇ ಉಳಿಸಿದವನು. ಇದು ರೂಪಾಯಿಯ ಲೆಕ್ಕ. ತಿರುವಿನಲ್ಲಿ ಜಾರಿದ ಕ್ಷಣದ ಲೆಕ್ಕವನ್ನು ಯಾವ ಚೀಟಿಯಲ್ಲೂ ಬರೆಯಲಾಗುವುದಿಲ್ಲ.

ಮೈಸೂರಿನ ವಯಸ್ಸಾದ ಮೆಕ್ಯಾನಿಕರೊಬ್ಬರು ಮೇಷ್ಟರಿಗೆ ದಾರಿ ತೋರಿಸಿದರು. ಹದಿನಾರರ ಟೈರು ಅಂಗಡಿಯಲ್ಲಿ ಕಾದು ಕೂತಿರುವುದಿಲ್ಲ, ಹೇಳಿ ತರಿಸಬೇಕು. ಹಳೆಯ ಗಾಡಿಗಳ ಬಿಡಿಭಾಗಗಳನ್ನೇ ನಂಬಿದ ವ್ಯಾಪಾರಿಗಳಿದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಪೇಟೆಯಲ್ಲಿ ವಿಚಾರಿಸಿದರೆ ವಿಳಾಸಗಳು ದೊರೆಯುತ್ತವೆ. ಒಬ್ಬರೇ ತರಿಸಿದರೆ ಸಾಗಣೆಯ ಖರ್ಚು ಮೈಮೇಲೆ ಬೀಳುತ್ತದೆ. ನಾಲ್ವರು ಕೂಡಿದರೆ ಹಂಚಿಹೋಗುತ್ತದೆ. ಹಣ ಕೊಡುವ ಮೊದಲು ಮೂರು ಮಾತು ಕೇಳಬೇಕು: ಹುಟ್ಟಿದ ವಾರ ಯಾವುದು, ಐಎಸ್ಐ ಗುರುತು ಇದೆಯೆ, ದೋಷ ಕಂಡರೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ. ಮೂರಕ್ಕೂ ನೇರವಾದ ಉತ್ತರ ಕೊಡುವವನೇ ವ್ಯಾಪಾರಿ.

ಮೇಷ್ಟರು ಊರಿಗೆ ಬಂದು ಸುತ್ತಲಿನ ಹಳ್ಳಿಗಳಲ್ಲಿ ವಿಚಾರಿಸಿದರು. ಇನ್ನೂ ಎರಡು ಹಳೆಯ ಗಾಡಿಗಳು, ಟೈರಿಲ್ಲದೆ ಕೊಟ್ಟಿಗೆ ಸೇರಿದವು, ಕಣ್ಣಿಗೆ ಬಿದ್ದವು. ಮೂವರೂ ಕೂಡಿ ಟೈರುಗಳನ್ನು ತರಿಸಿದರು. ಬರುವವರೆಗೆ ಮೊಮ್ಮಗಳು ಬೆಳಗಿನ ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ನಿಂತಳು. ಎರಡು ದಿನ ಮೊದಲ ಪಾಠ ತಪ್ಪಿತು. "ಹಳೇ ಟೈರಲ್ಲೇ ಮೆಲ್ಲಗೆ ಹೋಗೋಣ ತಾತ" ಎಂದು ಹಟ ಹಿಡಿದಳು. ತಾತ ಜಗ್ಗಲಿಲ್ಲ.

ಚಕ್ರ ಮತ್ತೆ ಉರುಳಿತು

ಟೈರು ಬಂದ ದಿನ ಪಂಚರ್ ಅಂಗಡಿಯ ಮುಂದೆ ಸಣ್ಣ ಗುಂಪೇ ನೆರೆಯಿತು. ಶಿಷ್ಯ ಮೊದಲು ಅಂಕಿಗಳನ್ನು ಓದಿದ. ಟೈರು ಹುಟ್ಟಿ ಆರು ತಿಂಗಳೂ ಆಗಿರಲಿಲ್ಲ. ಏಳು ತೇಪೆಯ ಟ್ಯೂಬನ್ನು ಎಸೆದು ಹೊಸದನ್ನು ತೆಗೆದುಕೊಂಡ. ಹೊಸ ಟೈರಿನೊಳಗೆ ಹಿಗ್ಗಿದ ಹಳೆಯ ಟ್ಯೂಬು ಹಾಕಿದರೆ ಮಡಿಸಿಕೊಂಡು ಅಲ್ಲಿಯೇ ಸೀಳುತ್ತದೆ. ರಿಮ್ಮಿನ ತುಕ್ಕನ್ನು ಉಜ್ಜಿ, ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ಹೊಸ ರಬ್ಬರಿನ ಪಟ್ಟಿಯನ್ನು ಸುತ್ತಿದ. ಸಡಿಲವಾದ ಕಡ್ಡಿಗಳನ್ನು ಬಿಗಿದ. ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಪಕ್ಕದಲ್ಲಿದ್ದ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇದೆಯೆಂದು ನೋಡಿ ಕೂಡಿಸಿದ. ಮುಂದಿನ ಚಕ್ರಕ್ಕೂ ಅದೇ ಸೇವೆ. ಈ ಮಾದರಿಯಲ್ಲಿ ಹಿಂದೆಮುಂದೆ ಎರಡಕ್ಕೂ ಒಂದೇ ಅಳತೆ. ಹಳೆಯ ಗಾಡಿಯ ಒಡೆಯರಿಗೆ ಇರುವ ಸೌಲಭ್ಯ ಇದೊಂದು.

"ಮೊದ್ಲು ನೂರೈವತ್ತು ಕಿಲೋಮೀಟರ್ ಮೆಲ್ಲಗೆ ಓಡ್ಸಿ ಮೇಷ್ಟ್ರೇ. ಹೊಸ ಟೈರಿನ ಮೈ ಜಾರ್ತದೆ. ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿರೋವಾಗ್ಲೇ ನೋಡ್ಕೊಳಿ" ಎಂದ. ಮೇಷ್ಟರು ತಲೆಯಾಡಿಸಿದರು. ಕೂಲಿ ಕೊಡಹೋದಾಗ ಟ್ಯೂಬಿನ ಹಣ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಕೈಗೇ ಹಿಂದಿಟ್ಟ.

ಮರುದಿನ ಬೆಳಿಗ್ಗೆ ಗಾಡಿಯ ಸದ್ದು ಮತ್ತೆ ದೇವಾಲಯದ ಬೀದಿಯಲ್ಲಿ ಕೇಳಿಸಿತು. ಹಿಂದೆ ಕುಳಿತ ಹುಡುಗಿ ತಲೆಯ ಮೇಲಿನ ಹೆಲ್ಮೆಟ್ಟನ್ನು ಸರಿಪಡಿಸಿಕೊಂಡು ಗೋಪುರದ ಕಡೆ ಕೈಮುಗಿದಳು. ಒಳಗೆ ರೆಕ್ಕೆ ಹೊತ್ತು ನಿಂತಿರುವ ಸ್ವಾಮಿ ತಾಯಿಯ ದಾಸ್ಯ ಕಳೆಯಲು ಅಮೃತವನ್ನೇ ಹೊತ್ತು ತಂದವನು. ದಾರಿಯಲ್ಲಿ ಒಂದು ಹನಿಯನ್ನೂ ತಾನು ಕುಡಿಯದೆ ತಂದವನು. ಹೊತ್ತದ್ದನ್ನು ಕ್ಷೇಮವಾಗಿ ತಲುಪಿಸುವುದೇ ವಾಹನದ ಧರ್ಮ. ಮೇಷ್ಟರು ತಿರುವಿನಲ್ಲಿ ವೇಗ ತಗ್ಗಿಸಿದರು. ಹಿಂದಿನ ರಾತ್ರಿಯ ಮಳೆಗೆ ರಸ್ತೆ ಒದ್ದೆಯಾಗಿತ್ತು. ಚಕ್ರ ಜಾರಲಿಲ್ಲ. ಹುಡುಗಿಗೆ ಅದು ತಿಳಿಯಲೂ ಇಲ್ಲ. ಅವಳು ಅಂದಿನ ಪಾಠವನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು.